ತಾತನ ಎಲೆಯ ಹೊಗೆಸೊಪ್ಪು

ಆಗಸ್ಟ್ ಹನ್ನೊಂದು, ಸೋಮವಾರ, ಸಂಜೆ ಐದೂಕಾಲು. ಯಲಹಂಕ ಉಪನಗರದ ಹಲ್ಲಿನ ಕ್ಲಿನಿಕ್ಕಿನ ಕುರ್ಚಿಯಲ್ಲಿ ನನ್ನ ತಮ್ಮ ಬಾಯಿ ತೆರೆದುಕೊಂಡು ಮಲಗಿದ್ದ. ನಾನು ಅದೇ ಕ್ಲಿನಿಕ್ಕಿನಲ್ಲಿ ಮೂರು ವರ್ಷದಿಂದ ಸಹಾಯಕಿ. ರಿಜಿಸ್ಟರಿನಲ್ಲಿ ಹೆಸರು, ಸಮಯ ಬರೆಯುವುದು, ಸಲಕರಣೆ ತೊಳೆದು ಶುದ್ಧ ಮಾಡುವುದು, ಡಾಕ್ಟರ್ ಕೈ ಚಾಚಿದಾಗ ಬೇಕಾದ್ದನ್ನು ಅವರು ಕೇಳುವ ಮೊದಲೇ ಕೊಡುವುದು ನನ್ನ ಕೆಲಸ. ತಮ್ಮನಿಗೆ ಹದಿನೇಳು ವರ್ಷ, ಎರಡನೇ ಪಿಯುಸಿ. ಕೊನೆಯ ಹಲ್ಲು ನೋಯುತ್ತಿದೆ ಎಂದು ನಾನೇ ಕರೆದುಕೊಂಡು ಬಂದಿದ್ದೆ.

ಡಾಕ್ಟರ್ ಹಲ್ಲು ನೋಡಿದರು. ಆಮೇಲೆ ಅವನ ಕೆಳತುಟಿಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ಹಾಗೇ ನಿಂತರು. ತುಟಿಯ ಒಳಗೆ, ಒಸಡಿನ ಕೆಳಗೆ, ಆರಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿದ ಬಿಳಿ ಮಚ್ಚೆ.

“ಇಲ್ಲೇನು ಇಡ್ತೀಯ?” ಎಂದು ಕೇಳಿದರು.

ಅವನು ಚಾವಣಿ ನೋಡಿದ. ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಅಳತೆಪಟ್ಟಿ ಕೊಟ್ಟೆ. ಹದಿನಾಲ್ಕು ಮಿಲಿಮೀಟರ್ ಉದ್ದ, ಒಂಬತ್ತು ಅಗಲ. ಫೋಟೋ ತೆಗೆದರು.

“ಹೊಗೆಸೊಪ್ಪು ಒಂದೇ ಜಾಗದಲ್ಲಿ ಇಟ್ಟು ಇಟ್ಟು ಚರ್ಮ ಹಿಂಗಾಗತ್ತೆ. ಬಿಟ್ರೆ ಸುಮಾರು ಜನಕ್ಕೆ ಹೋಗಿಬಿಡತ್ತೆ. ಆರು ವಾರ ನೋಡೋಣ. ಎರಡು ವಾರಕ್ಕೊಂದು ಸಲ ಬಾ. ಹೋಗದಿದ್ರೆ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು.”

“ಕಳಿಸಿದ್ರೆ ಏನ್ ಗೊತ್ತಾಗತ್ತೆ?” ಎಂದ.

“ಏನೂ ಇಲ್ಲ ಅಂತ ಗೊತ್ತಾಗ್ಲಿ,” ಎಂದರು ಡಾಕ್ಟರ್. ಕೈಗವಸು ಬಿಚ್ಚಿ ಬುಟ್ಟಿಗೆ ಎಸೆದರು.

ಪುಟ್ಟೇನಹಳ್ಳಿಯ ನಮ್ಮ ಮನೆಗೆ ಸ್ಕೂಟರಿನಲ್ಲಿ ಹನ್ನೆರಡು ನಿಮಿಷ. ಕೆರೆಯ ತಿರುವಿನಲ್ಲಿ ಅವನು ಹಿಂದಿನಿಂದ ಹೇಳಿದ: “ಅಪ್ಪಂಗೆ ಹೇಳಿದ್ರೆ ನಾಳೆಯಿಂದ ಕಾಲೇಜಿಗೆ ಹೋಗಲ್ಲ. ಮನೇಲೂ ಇರಲ್ಲ.” ಬೇಡುವ ದನಿಯಲ್ಲ, ಬೆದರಿಕೆ. ನಾನು ಒಪ್ಪಿದೆ. ಅಪ್ಪ ಬೆಲ್ಟು ತೆಗೆಯುತ್ತಾರೆ, ಅಮ್ಮ ಮೂರು ದಿನ ಊಟ ಬಿಡುತ್ತಾರೆ, ಇಬ್ಬರಿಂದಲೂ ಮಚ್ಚೆ ಒಂದು ಮಿಲಿಮೀಟರೂ ಕಡಿಮೆಯಾಗುವುದಿಲ್ಲ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ನಿಜವಾಗಿ, ಬೇರೆ ಯಾರ ಕೈಗೂ ಇದನ್ನು ಬಿಡಲು ನನಗೆ ಇಷ್ಟವಿರಲಿಲ್ಲ.

ಅವತ್ತೇ ಇನ್ನೂರು ಪುಟದ ಹೊಸ ಪುಸ್ತಕಕ್ಕೆ ಗೆರೆ ಹಾಕಿದೆ. ತಾರೀಖು, ಎಷ್ಟು ಸಲ, ಎಲ್ಲಿ, ಯಾರ ಜೊತೆ, ಬಾಯಿಯ ವಾಸನೆ ಇದೆ ಅಥವಾ ಇಲ್ಲ. ದಿನಕ್ಕೆ ಎಷ್ಟು ಎಂದು ಕೇಳಿದ್ದಕ್ಕೆ ಒಂಬತ್ತು ಎಂದ. ಕಾಲೇಜಿನ ಹುಡುಗರು ಹಾಕುವ ಪ್ಯಾಕೆಟ್ಟಿನ ಪುಡಿ ಅವನದಲ್ಲ. ಅವನು ಕಡ್ಡಿ ಹೊಗೆಸೊಪ್ಪನ್ನು ಅಂಗೈಯಲ್ಲಿ ಸುಣ್ಣದ ಜೊತೆ ತಿಕ್ಕಿ ತುಟಿಯೊಳಗೆ ಇಡುತ್ತಿದ್ದ. ಅದನ್ನು ಬರೆದುಕೊಂಡೆನೇ ಹೊರತು ಯಾಕೆ ಹಾಗೆ ಎಂದು ಯೋಚಿಸಲಿಲ್ಲ.

ದಿನಾ ಸಂಜೆ ಏಳು ಗಂಟೆಗೆ ಅವನನ್ನು ಹಿತ್ತಲಿಗೆ ಕರೆದು ಬಾಯಿ ಮೂಸುತ್ತಿದ್ದೆ. ಆಮೇಲೆ ಜೇಬು, ಕಾಲೇಜಿನ ಚೀಲ, ಶೂ. ಮೊದಲ ನಾಲ್ಕು ದಿನ ಅವನು ಮನುಷ್ಯರ ಹಾಗೆ ಇರಲಿಲ್ಲ. ಹದಿಮೂರನೇ ತಾರೀಖು ಟಿವಿ ರಿಮೋಟನ್ನು ಗೋಡೆಗೆ ಬೀಸಿದ. ಹದಿನಾಲ್ಕರಂದು ಸಾರಿಗೆ ಉಪ್ಪಿಲ್ಲ ಎಂದು ತಟ್ಟೆ ತಳ್ಳಿದ, ಸಾರಿಗೆ ಉಪ್ಪಿತ್ತು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಗುಟ್ಟಿನಲ್ಲಿ ಕೇಳಿದರು: “ಯಾವಳೋ ಕೈ ಕೊಟ್ಟಿರ್ಬೇಕು ಕಣೇ. ನಿನಗೇನಾದ್ರೂ ಗೊತ್ತಾ?”

“ಹುಡುಗಿ ಅಲ್ಲ, ಪರೀಕ್ಷೆ ಟೆನ್ಷನ್,” ಎಂದೆ.

ಇಪ್ಪತ್ತನೇ ತಾರೀಖು ಬುಧವಾರ ಅವನು ಮನೆಗೆ ಬರುವುದು ಇಪ್ಪತ್ತು ನಿಮಿಷ ತಡವಾಯಿತೆಂದು ಕೆರೆಯ ಏರಿಗೆ ಹೋದೆ. ಕಲ್ಲುಕಟ್ಟೆಯ ಮೇಲೆ ಅವನೂ ಅವನ ಇಬ್ಬರು ಗೆಳೆಯರೂ ಕೂತಿದ್ದರು. ನನ್ನನ್ನು ಕಂಡು ಒಬ್ಬ, “ಮಗಾ, ನಿಮ್ಮಕ್ಕ ಬಂದ್ರು, ಚೆಕಿಂಗು. ಬಾಯಿ ತೆಗೀರೋ ಎಲ್ಲ,” ಎಂದ. ಮೂವರೂ ಸಾಲಾಗಿ ಕೂತು ಬಾಯಿ ತೆರೆದರು. ನಡುವಿನವನು ನನ್ನ ತಮ್ಮ. ವಾಕಿಂಗಿಗೆ ಬಂದಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. “ಅಕ್ಕ, ನಂದೂ ಬರ್ಕೊಳ್ಳಿ, ಬೆಳಿಗ್ಗೆ ಈರುಳ್ಳಿ ದೋಸೆ,” ಎಂದ ಇನ್ನೊಬ್ಬ. ನಾನು ತಮ್ಮನ ಕಾಲರ್ ಹಿಡಿದು ಎಬ್ಬಿಸಿದೆ. ಅವನು ಬಾಯಿ ತೆರೆದುಕೊಂಡೇ ಮನೆಯವರೆಗೂ ನಡೆದ.

ಆದರೂ ಪುಸ್ತಕ ನನ್ನ ಪರವಾಗಿತ್ತು. ಆಗಸ್ಟ್ ಹದಿನಾರರಿಂದ ಇಪ್ಪತ್ತನಾಲ್ಕರವರೆಗೆ, ಒಂಬತ್ತು ದಿನ, ಸೊನ್ನೆ. ವಾಸನೆ ಇಲ್ಲ. ಇಪ್ಪತ್ತೈದನೇ ತಾರೀಖು ಸೋಮವಾರ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಪುಸ್ತಕವನ್ನು ಡಾಕ್ಟರ ಮುಂದೆ ತೆರೆದಿಟ್ಟೆ.

ಡಾಕ್ಟರ್ ಪುಸ್ತಕ ನೋಡದೆ ಮೊದಲು ತುಟಿ ಎಳೆದರು. ಹದಿನಾಲ್ಕು, ಒಂಬತ್ತು. ಅಂಚು ಇನ್ನಷ್ಟು ಬಿಳಿ.

“ಇವತ್ತು ಬೆಳಿಗ್ಗೆ ಹಾಕಿದ್ದೀಯ,” ಎಂದರು.

“ಹೂಂ.”

ನಾನು, “ಲೋ, ಸುಳ್ಳು ಹೇಳ್ತಿದ್ದೀಯೇನೋ?” ಎಂದೆ. ಯಾವುದು ಸುಳ್ಳು ಎಂದು ನನಗೇ ಗೊತ್ತಿರಲಿಲ್ಲ.

“ನೀನು ಏಳು ಗಂಟೆಗೆ ಮೂಸ್ತೀಯ,” ಎಂದ ನನ್ನ ಕಡೆ ತಿರುಗದೆ. “ಏಳಕ್ಕೆ ಅಂದ್ರೆ ಏಳಕ್ಕೇ. ನಾನು ಮೂರಕ್ಕೆ ಮುಗಿಸಿ ಕಾಲೇಜ್ ನಲ್ಲೀಲಿ ಬ್ರಷ್ ಮಾಡ್ಕೊಂಡು ಬರ್ತೀನಿ. ಬ್ರಷ್ಷು ಫ್ರೆಂಡ್ ಹತ್ರ ಇರತ್ತೆ. ಈಗ ಅದನ್ನೂ ಬರ್ಕೋ.”

ಡಾಕ್ಟರ್ ನಕ್ಕರು. ಮೂರು ವರ್ಷದಲ್ಲಿ ಅವರ ಮೇಲೆ ನನಗೆ ಸಿಟ್ಟು ಬಂದದ್ದು ಅದೇ ಮೊದಲು. “ಆ ಪುಸ್ತಕ ಅವನಿಗೆ ಕೊಡು,” ಎಂದರು ನನಗೆ. “ಬರೆಯೋದಾದ್ರೆ ಅವನೇ ಬರೀಲಿ. ಹಾಕ್ಕೊಂಡಿದ್ದು ಒಂದೇ ಅಲ್ಲ, ಬೇಕು ಅನಿಸಿದ್ದನ್ನೂ ಬರೀಲಿ. ಈಗ ನೀನು ಹೊರಗಡೆ ಕೂತ್ಕೋ.”

ಹೊರಗೆ ಕೂತೆ. ಬಾಗಿಲ ಹಿಂದೆ ಹದಿನೇಳು ನಿಮಿಷ ಅವರಿಬ್ಬರೂ ಮಾತಾಡಿದ್ದು ನನಗೆ ಕೇಳುತ್ತಿತ್ತು. ಬೇಕು ಅನಿಸಿದಾಗ ಐದು ನಿಮಿಷ ತಡೆದುಕೊಳ್ಳುವುದು, ನೀರು ಕುಡಿಯುವುದು, ಸೋಂಪು ಬಾಯಿಗೆ ಹಾಕಿಕೊಳ್ಳುವುದು, ಹಾಕಿಕೊಳ್ಳುವ ಜಾಗದಿಂದ ಎದ್ದು ಹೋಗುವುದು. ಹದಿನೈದು ದಿನದ ಹಿಂದೆ ನಾನು ಇದನ್ನೇ ಅವನಿಗೆ ಹೇಳಿದ್ದೆ. ನನ್ನ ಬಾಯಲ್ಲಿ ಅದು ಬೈಗುಳವಾಗಿತ್ತು.

ಪುಸ್ತಕ ಕೊಟ್ಟೆ, ಆದರೆ ಓದುವುದನ್ನು ಬಿಡಲಿಲ್ಲ. ಅದು ಅವನಿಗೆ ಗೊತ್ತಿತ್ತು. ಬೇಕೆಂದೇ ಊಟದ ಮೇಜಿನ ಮೇಲೆ ತೆರೆದಿಟ್ಟು ಹೋಗುತ್ತಿದ್ದ. ಹೊಗೆಸೊಪ್ಪು ಎಂಬ ಪದ ಅದರಲ್ಲಿ ಎಲ್ಲೂ ಇಲ್ಲದ್ದರಿಂದ ಮನೆಯಲ್ಲಿ ಬೇರೆ ಯಾರಿಗೂ ಅರ್ಥ ತಿಳಿಯುವಂತಿರಲಿಲ್ಲ.

“26 ಮಂಗಳ. 6 ಸಲ. ಬೇಕು ಅನ್ಸಿದ್ದು 20ಕ್ಕಿಂತ ಜಾಸ್ತಿ. ಸರಿಯಾಗಿ ಎಣಿಸೋಕೆ ನಾನೇನು ಅಕ್ಕನಾ.”

“27 ಬುಧ. ಗಣೇಶನ ಹಬ್ಬ. 4 ಸಲ. ಕಡುಬು ತಿಂದ್ಮೇಲೆ ತಲೆ ಕೆಟ್ಟೋಗೋಷ್ಟು ಬೇಕು ಅನ್ಸ್ತು.”

“29 ಶುಕ್ರ. 3. ಅಕ್ಕ ಏಳು ಗಂಟೆಗೆ ಬಂದು ಮುಖದ ಹತ್ರ ಮೂಗು ತಂದಾಗ ಬೇಕು ಅನ್ಸ್ತು. ಅವಳು ಹೋದ್ಮೇಲೆ ಹಾಕ್ಕೊಂಡೆ.”

ಮರುದಿನದಿಂದ ಮೂಸುವುದನ್ನು ನಿಲ್ಲಿಸಿದೆ. ನಿಲ್ಲಿಸಿದೆ ಎಂದು ಅವನಿಗೆ ಹೇಳಲಿಲ್ಲ. ಏಳು ಗಂಟೆಗೆ ಅವನು ಹಿತ್ತಲಿಗೆ ಬಂದು ನಿಂತು, ಐದು ನಿಮಿಷ ಕಾದು, ಒಳಗೆ ಹೋದ.

ಮೂವತ್ತು ಶನಿವಾರ: 1. ಮೂವತ್ತೊಂದು ಭಾನುವಾರ: ಸೊನ್ನೆ. ಅದರ ಮುಂದೆ ಏನೂ ಬರೆದಿರಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ, ಸೊನ್ನೆ, ಸೊನ್ನೆ, ಸೊನ್ನೆ.

ಈ ಸೊನ್ನೆಗಳನ್ನು ನಾನು ನಂಬಿದೆನೇ? ನಂಬಲಿಲ್ಲ. ಸುಳ್ಳು ಎಂದು ತೋರಿಸುವುದಕ್ಕೂ ಏನೂ ಇರಲಿಲ್ಲ. ನನ್ನ ಸಿಟ್ಟಿಗೆ ಮನೆಯಲ್ಲಿ ಕೆಲಸ ಇಲ್ಲವಾಗಿ ಅದು ಬೀದಿಗೆ ಇಳಿಯಿತು. ಸೆಪ್ಟೆಂಬರ್ ನಾಲ್ಕು, ಗುರುವಾರ, ನನಗೆ ವಾರದ ರಜಾ. ಬೆಳಿಗ್ಗೆ ಹತ್ತಕ್ಕೆ ಅವನ ಕಾಲೇಜಿನ ಪಕ್ಕದ ಪೆಟ್ಟಿಗೆ ಅಂಗಡಿಗೆ ಹೋದೆ. ಐವತ್ತು ದಾಟಿದ ಹೆಂಗಸೊಬ್ಬರು ವೀಳ್ಯದೆಲೆ ಒರೆಸುತ್ತ ಕೂತಿದ್ದರು. ಹದಿನೆಂಟು ತುಂಬದವರಿಗೆ ತಂಬಾಕು ಮಾರುವುದಿಲ್ಲ ಎಂಬ ಫಲಕ ಇತ್ತು. ಅದರ ಮೇಲೆ ಪ್ಯಾಕೆಟ್ ಸರಗಳು ನೇತಾಡುತ್ತಿದ್ದುದರಿಂದ “ಹದಿನೆಂಟು” ಮಾತ್ರ ಕಾಣುತ್ತಿತ್ತು.

ಫಲಕ ತೋರಿಸಿ, ಕಾನೂನು ಹೇಳಿ, ಪೊಲೀಸಿಗೆ ದೂರು ಕೊಡುತ್ತೇನೆ ಎಂದೆ. ನನ್ನ ತಮ್ಮ ಹೇಗಿದ್ದಾನೆ ಎಂದು ವಿವರಿಸಿ, ಅವನಿಗೆ ಈ ಚಟ ಕಲಿಸಿದ್ದೇ ನೀವು ಎಂದೆ.

ಆಕೆ ಎಲೆ ಒರೆಸುವುದನ್ನು ನಿಲ್ಲಿಸಲಿಲ್ಲ. “ಉದ್ದಕಿರೋ ಹುಡುಗನಾ? ಅವನು ಒಂದು ವಾರದಿಂದ ಈ ಕಡೆ ತಲೆ ಹಾಕಿಲ್ಲ. ದೂರು ಕೊಡ್ತೀಯಾ, ಕೊಡಮ್ಮ. ನಾನು ಮಾರಿದ್ದು ತಪ್ಪು, ಒಪ್ಕೊಂಡೆ. ಆದ್ರೆ ಕಲಿಸಿದ್ದು ನಾನಲ್ಲ. ಬೇರೆ ಹುಡುಗ್ರು ಪ್ಯಾಕೆಟ್ ಹರ್ಕೊಂಡು ಬಾಯಿಗೆ ಸುರ್ಕೋತಾರೆ. ನಿಮ್ಮೋನು ಮೊದಲನೇ ದಿನವೇ ಬಂದು ಕಡ್ಡಿ ಹೊಗೆಸೊಪ್ಪು ಕೊಡಿ ಅಂದ. ಸುಣ್ಣ ಕೇಳ್ದ. ನಾರು ತೆಗ್ದು, ಅಂಗೈಲಿ ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸ್ದ. ನಮ್ಮ ಮಾವ ಹಂಗೆ ಮಾಡ್ತಿದ್ರು. ಅದು ಯಾರೋ ಮುದುಕ್ರ ಕೈಯಿಂದ ಬಂದಿರೋ ಕೆಲಸ. ಹೋಗಿ ನಿಮ್ಮನೇಲಿ ಕೇಳು.”

ದೂರು ಕೊಡದೆ ಮನೆಗೆ ಬಂದೆ. ಮಧ್ಯಾಹ್ನ ಮೂರೂವರೆಗೆ ತಮ್ಮ ಕಾಲೇಜು ಮುಗಿಸಿ ಬಂದು ಮಾಳಿಗೆಯ ಮೇಲೆ ತನ್ನ ಶೂ ತೊಳೆಯುತ್ತಿದ್ದ. ಅಮ್ಮ ಕೆಳಗೆ ಮಲಗಿದ್ದರು. “ಆ ಅಂಗಡಿಯವಳ ಕೊಬ್ಬು ನೋಡು,” ಎಂದು ಶುರು ಮಾಡಿದೆ. “ಯಾರೋ ಮುದುಕ್ರು ಕಲಿಸಿದ್ದಂತೆ ನಿನಗೆ.”

ಅವನು ಬ್ರಷ್ಷನ್ನು ಬಕೆಟ್ಟಿಗೆ ಹಾಕಿದ. “ಅಂಗಡಿಗೆ ಹೋಗಿದ್ಯಾ? ಥೂ. ನಾಳೆ ಇಡೀ ಕಾಲೇಜಿಗೆ ಗೊತ್ತಾಗತ್ತೆ.”

“ಯಾರೋ ಕಲಿಸಿದ್ದು? ಅದನ್ನ ಹೇಳು.”

“ತಾತಂಗೆ ತಿಕ್ಕಿ ಕೊಡ್ತಿದ್ನಲ್ಲ, ಮರೆತೋಯ್ತಾ? ಲಕ್ವ ಹೊಡೆದು ಬಲಗೈ ಬಿದ್ದೋಗಿತ್ತು. ತಿಕ್ಕೋಕೆ ಆಗ್ತಿರ್ಲಿಲ್ಲ. ನೀನು ಟೈಮ್ ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ. ಮಾತ್ರೆ ಅಕ್ಕ, ಸ್ನಾನ ಅಪ್ಪ, ಹೊಗೆಸೊಪ್ಪು ನಾನು. ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕೂವರೆಗೆ, ರಾತ್ರಿ ಊಟ ಆದ್ಮೇಲೆ. ಲೇಟಾದ್ರೆ ನನ್ನ ತಲೆ ಮೇಲೆ ಕುಕ್ತಿದ್ದೆ.”

“ಸುಮ್ನೆ ನನ್ನ ಮೇಲೆ ಹಾಕ್ಬೇಡ.”

“ನಿನ್ನ ಪುಸ್ತಕ ಎಲ್ಲ ಟ್ರಂಕಲ್ಲಿ ಇದ್ಯಲ್ಲ. ಹೋಗಿ ನೋಡ್ಕೋ.”

ನೋಡಿದೆ. ಮಂಚದ ಕೆಳಗಿನ ಟ್ರಂಕಿನಲ್ಲಿ ಎಂಟು ವರ್ಷದ ಹಿಂದಿನ ಪುಸ್ತಕ, ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಿನದು. ಕೆಂಪು ಶಾಯಿಯಲ್ಲಿ ಗೆರೆ, ನೀಲಿಯಲ್ಲಿ ಬರಹ. ಹೊಗೆಸೊಪ್ಪು, ಅದರ ಎದುರು ತಮ್ಮ. ಪಕ್ಕದಲ್ಲಿ ಚಿಕ್ಕದಾಗಿ: ನನಗೆ ಆ ವಾಸನೆ ಆಗಲ್ಲ. ಅವನು ತಿಕ್ಕಿಕೊಟ್ಟ ಪ್ರತಿ ಸಲಕ್ಕೂ ನಾನು ಒಂದು ಗುರುತು ಹಾಕಿದ್ದೆ. ಏಳು ತಿಂಗಳ ಗುರುತುಗಳನ್ನು ನೆಲದ ಮೇಲೆ ಕೂತು ಎಣಿಸಿದೆ. ಐನೂರ ಎಂಬತ್ತೇಳು.

ಪುಸ್ತಕ ಹಿಡಿದು ಮಾಳಿಗೆಗೆ ಹೋದೆ. ಅವನು ಶೂಗಳನ್ನು ಗೋಡೆಗೆ ಒರಗಿಸಿ ಒಣಗಲು ಇಟ್ಟಿದ್ದ.

“ಬಾಯಿಗೆ ಹಾಕ್ಕೋ ಅಂತ ನಾನು ಬರೆದಿಲ್ಲ,” ಎಂದೆ.

“ಇಲ್ಲ. ತಾತ ಒಂದಿನ, ಸುಣ್ಣ ಸರಿ ಇದೆಯಾ ನೋಡೋ ಅಂದ್ರು. ನಾಲಗೆಗೆ ಇಟ್ಕೊಂಡೆ. ವಾಂತಿ ಆಯ್ತು. ಅದನ್ನೂ ಬರೆದಿರ್ತೀಯ ನೀನು, ಹುಡುಕು.”

ಹುಡುಕಿದೆ. ಬರೆದಿದ್ದೆ. “ತಮ್ಮನಿಗೆ ವಾಂತಿ. ಕಡಲೆಬೀಜ ಜಾಸ್ತಿ ತಿಂದಿದ್ದಕ್ಕೆ.” ಅದಾದ ಮೇಲೂ ಅವತ್ತಿನ ರಾತ್ರಿಯ ಗುರುತು ಇತ್ತು.

“ಆಗ ನನಗೂ ಹದಿನಾರೇ ವರ್ಷ,” ಎಂದೆ.

“ನನಗೆ ಒಂಬತ್ತು.”

ಕ್ಷಮಿಸು ಎನ್ನಬೇಕಿತ್ತು. ಅನ್ನಲಿಲ್ಲ. ಅವನು ಶೂಗಳನ್ನು ಬಿಸಿಲಿರುವ ಕಡೆ ಸರಿಸಿ ಕೆಳಗೆ ಇಳಿದ. ಎಂಟನೇ ತಾರೀಖು ಸೋಮವಾರ ಕ್ಲಿನಿಕ್ಕಿಗೆ ಬಸ್ಸಿನಲ್ಲಿ ಒಬ್ಬನೇ ಬಂದ. ಹನ್ನೊಂದು, ಏಳು. ಸೊನ್ನೆಗಳು ನಿಜ ಎಂದು ಅಳತೆಪಟ್ಟಿ ಹೇಳಿತು. ಡಾಕ್ಟರ್ ಅವನ ಬೆನ್ನು ತಟ್ಟಿದರು. “ಇನ್ನೆರಡು ವಾರ. ಇಪ್ಪತ್ತೆರಡಕ್ಕೆ ನಿರ್ಧಾರ ಮಾಡೋಣ,” ಎಂದರು.

ಇಪ್ಪತ್ತೊಂದು ಭಾನುವಾರ ಮಹಾಲಯ ಅಮಾವಾಸ್ಯೆ ಎಂದು ಆಗಲೇ ನನ್ನ ತಲೆಯಲ್ಲಿ ಕೂತಿತು.

ನಮ್ಮ ಮನೆಯಲ್ಲಿ ಅವತ್ತು ಸಂಜೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಅವರ ಫೋಟೋಗಳ ಮುಂದೆ ಹೊಸ ಬಟ್ಟೆ, ಒಬ್ಬೊಬ್ಬರಿಗೂ ಒಂದೊಂದು ಬಾಳೆಎಲೆ, ಅವರವರಿಗೆ ಬದುಕಿದ್ದಾಗ ಏನು ಇಷ್ಟವೋ ಅದೆಲ್ಲ ಎಲೆಯ ಮೇಲೆ. ಆಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು, ಹಿರಿಯರು ಬಂದು ಉಂಡು ಹೋಗಲಿ ಎಂದು. ತಾತನ ಎಲೆಗೆ ಮುದ್ದೆ, ಕೋಳಿಸಾರು, ವಡೆ, ಅರ್ಧ ಲೋಟ ಬ್ರಾಂದಿ, ಕೊನೆಯಲ್ಲಿ ತಿಕ್ಕಿದ ಹೊಗೆಸೊಪ್ಪು. ತಾತ ಹೋದಾಗಿನಿಂದ ಅದನ್ನು ತಿಕ್ಕಿ ಇಡುವುದು ತಮ್ಮನ ಪಾಲಿನ ಕೆಲಸ. ಬದುಕಿದ್ದಾಗ ಯಾರು ಕೊಡುತ್ತಿದ್ದರೋ ಅವರೇ ಈಗಲೂ ಕೊಡಬೇಕು ಎಂದು ದೊಡ್ಡಪ್ಪ ತೀರ್ಮಾನ ಮಾಡಿದ್ದರು. ಎಡೆ ತೆಗೆದ ಮೇಲೆ ಎಲೆಯಲ್ಲಿದ್ದದ್ದನ್ನು ಮನೆಯವರು ಹಂಚಿಕೊಳ್ಳುತ್ತಾರೆ, ಏನನ್ನೂ ಎಸೆಯುವಂತಿಲ್ಲ.

ಸಂಜೆ ಆರಕ್ಕೆ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ, ಮನೆಗೆ ಹಿರಿಯ. ಚಿಕ್ಕಜಾಲದ ಕಡೆ ಸೈಟು ಮಾಡಿ ಮಾರುತ್ತಾರೆ, ಊರಿನ ಮಾತು ಮಾತ್ರ ಹಾಗೇ ಉಳಿಸಿಕೊಂಡಿದ್ದಾರೆ. ಜೇಬಿನಿಂದ ಹೊಗೆಸೊಪ್ಪಿನ ಪೊಟ್ಟಣ, ಸುಣ್ಣದ ಡಬ್ಬಿ ತೆಗೆದು ತಮ್ಮನ ಮುಂದೆ ಹಿಡಿದರು. “ತಗೊಳಪ್ಪ ಮೊಮ್ಮಗನೆ, ಇಂಗೆ ಕೂತ್ಕೊಂಡು ತಿಕ್ಕು.”

“ಅವನು ತಿಕ್ಕಲ್ಲ,” ಎಂದೆ ನಾನು.

“ಯಾಕೆ? ಕೈಗೇನಾಗದೆ?”

“ಈ ಸಲ ತಾತಂಗೆ ಹೊಗೆಸೊಪ್ಪು ಬೇಡ ದೊಡ್ಡಪ್ಪ.”

ದೊಡ್ಡಪ್ಪ ಅಪ್ಪನ ಕಡೆ ನೋಡಿದರು. “ಏನ್ಲಾ ಇದು? ಸತ್ತೋರಿಗೂ ಪಥ್ಯವಾ? ವರ್ಸಕ್ಕೆ ಒಂದಿನ ಬರೋನು, ಒಗೆಸೊಪ್ಪು ಇಲ್ದೆ ಎದ್ದೋಗ್ಲಾ ನಮ್ಮಪ್ಪ?”

ಅಪ್ಪ, “ನೀನು ಒಳಗೆ ಹೋಗಮ್ಮ,” ಎಂದರು. ಅಮ್ಮ ಅಡುಗೆಮನೆ ಬಾಗಿಲಿನಿಂದ, “ಎಡೆ ಮುಂದೆ ಜಗಳ ಆಡ್ಬೇಡ್ವೇ, ಒಂದಿನ ತಿಕ್ಕಿದ್ರೆ ಅವನ ಕೈ ಸವೆಯತ್ತಾ?” ಎಂದರು. ತಮ್ಮ ಪೊಟ್ಟಣವನ್ನೇ ನೋಡುತ್ತ ನಿಂತಿದ್ದ. ಇಪ್ಪತ್ತೆರಡನೇ ದಿನದ ಸೊನ್ನೆ. ಬೆರಳಿಗೆ ಒಮ್ಮೆ ಆ ವಾಸನೆ ಅಂಟಿದರೆ ಏನಾಗುತ್ತದೆ ಎಂದು ಅವನೇ ಪುಸ್ತಕದಲ್ಲಿ ಬರೆದಿದ್ದ: ಕೈ ಮೂಸಿದ್ರೆ ಸಾಕು, ಬಾಯಲ್ಲಿ ನೀರು.

“ಕೊಡಿ, ನಾನು ತಿಕ್ತೀನಿ,” ಎಂದೆ.

“ಎಣ್ಮಕ್ಕಳು ಎಡೆ ಮುಟ್ಟೋದು ಯಾವಾಗಿಂದ ಸುರುವಾಯ್ತು?”

“ಮುದ್ದೆ ಕಟ್ಟಿದ್ದು ಅಮ್ಮ, ಕೋಳಿ ತೊಳೆದಿದ್ದು ನಾನು. ಅದನ್ನ ತಾತ ತಿಂತಾರೆ, ಇದನ್ನ ತಿನ್ನಲ್ವಾ?”

ದೊಡ್ಡಪ್ಪ ಪೊಟ್ಟಣವನ್ನು ಕೈಗೆ ಕೊಡದೆ ನೆಲದ ಮೇಲೆ ಇಟ್ಟರು. ನಾನು ಕೂತೆ. ಕಡ್ಡಿ ಮುರಿದು ಅಂಗೈಗೆ ಹಾಕಿ, ಸುಣ್ಣ ತೆಗೆದೆ. ಅದನ್ನು ಕೈಯಲ್ಲಿ ಮುಟ್ಟಿದ್ದು ಅದೇ ಮೊದಲು. ಘಾಟಿಗೆ ಕಣ್ಣಲ್ಲಿ ನೀರು ಬಂತು.

“ನಾರು ತೆಗಿ ಮೊದ್ಲು,” ಎಂದ ತಮ್ಮ. ನಾಲ್ಕು ಹೆಜ್ಜೆ ದೂರದಲ್ಲಿ ಗೋಡೆಗೆ ಒರಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. “ಸುಣ್ಣ ಅಷ್ಟೊಂದಲ್ಲ. ಕಡಲೆಕಾಳಷ್ಟು. ತೆಗಿ, ತೆಗಿ. ಬೆರಳಲ್ಲಲ್ಲ, ಹೆಬ್ಬೆಟ್ಟಲ್ಲಿ ತಿಕ್ಕು. ಒತ್ತಿ. ಏನ್ ಹಿಟ್ಟು ಕಲಸ್ತಿದ್ದೀಯಾ?”

ಅಂಗೈ ಉರಿಯತೊಡಗಿತು. ಅವನು ನಿಲ್ಲಿಸಲು ಬಿಡಲಿಲ್ಲ. “ಇನ್ನೂ ಆಗಿಲ್ಲ. ಇನ್ನೂ. ಈಗ ಎರಡು ಸಲ ತಟ್ಟು. ಧೂಳು ಊದು. ಮುಖ ಆ ಕಡೆ ಮಾಡ್ಕೊಂಡು ಊದೇ, ನನ್ನ ಕಡೆ ಬೇಡ.” ಬೆನ್ನ ಹಿಂದೆ ಅವನ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿದಿದ್ದದ್ದು ಪಕ್ಕದ ಬೀರುವಿನ ಕನ್ನಡಿಯಲ್ಲಿ ಕಾಣುತ್ತಿತ್ತು.

ಉಂಡೆಯನ್ನು ಎಲೆಯ ತುದಿಗೆ ಇಟ್ಟೆ. ಕರ್ಪೂರ ಬೆಳಗಿ, ಬಾಗಿಲು ಹಾಕಿ, ಎಲ್ಲರೂ ಅಂಗಳದಲ್ಲಿ ನಿಂತೆವು. ತಮ್ಮ ಗೇಟಿನ ಹತ್ತಿರ ನಿಂತು ಬೀದಿ ನೋಡುತ್ತಿದ್ದ. ಬಾಗಿಲು ತೆಗೆದದ್ದು ಆರು ಐವತ್ತಕ್ಕೆ.

ದೊಡ್ಡಪ್ಪ ತಾತನ ಎಲೆಯ ಮುಂದೆ ಕೂತು ವಡೆ ಮುರಿದು ಹಂಚಿದರು. ಬ್ರಾಂದಿಯನ್ನು ಅಪ್ಪನಿಗೆ ಕೊಟ್ಟರು. ಆಮೇಲೆ ಹೊಗೆಸೊಪ್ಪಿನ ಉಂಡೆಯನ್ನು ಎರಡು ಬೆರಳಲ್ಲಿ ಎತ್ತಿ, ನಗುತ್ತ ತಮ್ಮನ ಕಡೆ ಚಾಚಿದರು. ಅವನು ಹಾಕುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಮೊದಲಿನಿಂದ ಗೊತ್ತಿತ್ತು ಎಂದು ಆ ನಗುವಿನಿಂದ ನನಗೆ ತಿಳಿಯಿತು.

“ತಾತನ ಪ್ರಸಾದ. ಆಕ್ಕೊ ಮಗ. ನಿಮ್ಮಕ್ಕನಿಗೆ ಎದರ್ಕೊಂಡು ಗಂಡಸು ಬಾಳಾಟ ಮಾಡಕ್ಕಾಗ್ತದಾ?”

ನಾನು ಬಾಯಿ ತೆರೆದೆ. ತಮ್ಮ ಕೈ ಎತ್ತಿ ನನ್ನನ್ನು ತಡೆದ, ಬಸ್ಸನ್ನು ನಿಲ್ಲಿಸುವ ಹಾಗೆ. ದೊಡ್ಡಪ್ಪನ ಮುಂದೆ ಬಗ್ಗಿ, ಎರಡು ಹೆಬ್ಬೆರಳಿನಿಂದ ಕೆಳತುಟಿಯನ್ನು ಗದ್ದದವರೆಗೆ ಮಡಚಿದ. ಟ್ಯೂಬ್‌ಲೈಟಿನ ಬೆಳಕು ನೇರ ಅದರ ಮೇಲೆ ಬಿತ್ತು.

“ನೋಡಿ,” ಎಂದ, ತುಟಿ ಹಿಡಿದುಕೊಂಡೇ, ಮಾತು ತೊದಲುತ್ತ. “ನಾಳೆ ಇದು ಹೋಗಿಲ್ಲ ಅಂದ್ರೆ ಕತ್ತರಿಸಿ ಟೆಸ್ಟಿಗೆ ಕಳಿಸ್ತಾರೆ. ಇದರ ಮೇಲೇ ಇಡ್ಲಾ? ಹೇಳಿ ದೊಡ್ಡಪ್ಪ. ಎಲ್ಲಿ ಇಡ್ಲಿ?”

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿರ ಬಂದು ಅವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ಸೆರಗಿನ ತುದಿಯಿಂದ ಅದನ್ನು ಒರೆಸಲು ಹೋದರು. ಅಪ್ಪ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ನಿನಗೆ ಯಾವಾಗಿಂದ ಗೊತ್ತು?”

“ಆಗಸ್ಟ್ ಹನ್ನೊಂದರಿಂದ.”

“ಆರು ವಾರ,” ಎಂದರು ಅಪ್ಪ. “ಆರು ವಾರ ಒಂದೇ ತಟ್ಟೇಲಿ ಉಂಡ ಹಂಗೆ ಉಂಡು, ಒಂದು ಮಾತು ಹೇಳ್ಲಿಲ್ಲ. ನಾವೇನು ಬಾಡಿಗೆಗೆ ಇದ್ದೀವಾ ಈ ಮನೇಲಿ?”

ತಮ್ಮ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಹೇಳಬೇಡ ಎಂದವನು ತಾನೇ ಎಂದೂ ಹೇಳಲಿಲ್ಲ. ಅಪ್ಪ ಅವನ ಮೇಲೆ ಕೈ ಮಾಡಲಿಲ್ಲ, ಬೈಯಲಿಲ್ಲ, ಎಲ್ಲವನ್ನೂ ನನಗೇ ಬೈದರು. ದೊಡ್ಡಪ್ಪ ಉಂಡೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಇದ್ದರು. ಎಸೆಯುವಂತಿಲ್ಲ. ಎಲೆಯ ಮೇಲೆ ಮರಳಿ ಇಡುವಂತೆಯೂ ಇಲ್ಲ. ಸುತ್ತ ನೋಡಿ, ಕೊನೆಗೆ ತಾವೇ ತುಟಿಯೊಳಗೆ ಇಟ್ಟುಕೊಂಡರು.

ಮರುದಿನ ಸಂಜೆ ಐದಕ್ಕೆ ತಮ್ಮನ ಜೊತೆ ಅಮ್ಮನೂ ಕ್ಲಿನಿಕ್ಕಿಗೆ ಬಂದರು. ಒಳಗೆ ಬರಬೇಡ ಎಂದು ಅವನು ಅವರನ್ನು ಬೆಂಚಿನ ಮೇಲೆ ಕೂರಿಸಿದ. ನಾನು ಒಳಗೆ ಇರಲೇಬೇಕಿತ್ತು, ಅದು ನನ್ನ ಕೆಲಸ. ಸುಣ್ಣ ತಿಂದ ಅಂಗೈಗೆ ಕೈಗವಸು ಹಾಕಿಕೊಳ್ಳುವಾಗ ಚರ್ಮ ಎಳೆಯಿತು. ದೀಪ ಸರಿಮಾಡಿ, ಕತ್ತರಿಸುವ ಸಲಕರಣೆಗಳ ತಟ್ಟೆಯನ್ನು ಬಟ್ಟೆ ಮುಚ್ಚಿ ಪಕ್ಕದಲ್ಲಿ ಇಟ್ಟೆ. ಅವನು ಆ ಬಟ್ಟೆಯನ್ನು ನೋಡಿದ.

ಡಾಕ್ಟರ್ ತುಟಿ ಎಳೆದು ಬಹಳ ಹೊತ್ತು ನೋಡಿದರು. ಹತ್ತಿಯಿಂದ ಒರೆಸಿ ಮತ್ತೆ ನೋಡಿದರು. ಅಳತೆಪಟ್ಟಿ ಕೇಳಿದರು.

“ನಾಲ್ಕು, ಮೂರು,” ಎಂದರು. “ಸುಕ್ಕು ಹೋಗಿದೆ. ಸುತ್ತ ಕೆಂಪಗೆ ಚರ್ಮ ಬರ್ತಿದೆ. ಇವತ್ತು ಕತ್ತರಿಸೋದು ಬೇಡ. ಇನ್ನೊಂದು ತಿಂಗಳು ಕೊಡೋಣ. ಪೂರ್ತಿ ಹೋದ್ರೆ ಸರಿ. ಆಗ ಸಾಸಿವೆಯಷ್ಟು ಉಳಿದಿದ್ರೂ ಕಳಿಸ್ತೀನಿ, ಅದಕ್ಕೆ ರೆಡಿ ಇರು.”

ನಾನು ತಟ್ಟೆಯನ್ನು ಮುಚ್ಚಿದ ಬಟ್ಟೆಯ ಸಮೇತ ಎತ್ತಿ ಒಳಗಿಟ್ಟು ಬಂದೆ. ಒಳಗೆ ಅರ್ಧ ನಿಮಿಷ ಜಾಸ್ತಿಯೇ ನಿಂತೆ.

ವಾಪಸು ಬಂದಾಗ ಡಾಕ್ಟರ್ ಕೇಳುತ್ತಿದ್ದರು: “ಕಷ್ಟ ಆಯ್ತಾ? ಯಾರು ಸಹಾಯ ಮಾಡಿದ್ದು?”

“ಯಾರೂ ಇಲ್ಲ,” ಎಂದ ತಮ್ಮ. ಬಾಯಿ ಮುಕ್ಕಳಿಸಿ ಉಗಿದು, ಕರವಸ್ತ್ರದಲ್ಲಿ ಒರೆಸಿಕೊಂಡ. “ಮೇಡಂ, ಮುಂದಿನ ತಿಂಗಳು ಗುರುವಾರ ಕೊಡಿ.”

“ಸೋಮವಾರ ತಾನೇ ನೀನು ಬರೋದು?”

“ಗುರುವಾರ ಇವಳಿಗೆ ರಜಾ.”

ಡಾಕ್ಟರ್ ನನ್ನ ಮುಖ ನೋಡಿದರು. ರಿಜಿಸ್ಟರ್ ನನ್ನ ಮುಂದೆಯೇ ಇತ್ತು. ಪುಟ ತಿರುಗಿಸಿದೆ. ಅಕ್ಟೋಬರ್ ಇಪ್ಪತ್ತಮೂರು ಗುರುವಾರ, ನಾಲ್ಕೂವರೆ ಖಾಲಿ ಇತ್ತು. ಅವನ ಹೆಸರು ಬರೆದು, ಚೀಟಿ ಹರಿದು ಕೊಟ್ಟೆ. ಅವನು ಅದನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡು, ಹೊರಗೆ ಬೆಂಚಿನ ಮೇಲಿದ್ದ ಅಮ್ಮನನ್ನು ಎಬ್ಬಿಸಿ, ಮೆಟ್ಟಿಲು ಇಳಿದು ಹೋದ. ಮುಂದಿನ ರೋಗಿಯನ್ನು ಕರೆದೆ.